ಒಲೆ ಹೊತ್ತಿಸುವ ಮೊದಲಿನ ಸದ್ದು

ನಮ್ಮ ಮನೆಯಲ್ಲಿ ಹಾಲು ಕರೆಯುವುದು ನನ್ನ ಕೆಲಸ, ಸೋಸುವುದು ಅಕ್ಕನದು. ಎರಡು ಎಮ್ಮೆ, ಒಂದು ಹಸು. ಕೊಟ್ಟಿಗೆ ಹಿತ್ತಿಲಲ್ಲಿ. ಅದಕ್ಕೂ ಅಡುಗೆಮನೆಗೂ ನಡುವೆ ನೀರಿನ ತೊಟ್ಟಿ, ಒಗೆಯುವ ಕಲ್ಲು. ಗಂಡ ಸತ್ತ ಮೇಲೆ ಅಕ್ಕ ಒಂದು ಟ್ರಂಕು ಹಿಡಿದು ಬಂದಳು. ಟ್ರಂಕು ಇಳಿಸಿದವಳೇ ಹಾಲಿನ ಪಾತ್ರೆಯ ಮುಂದೆ ಕುಳಿತಳು. ಆಮೇಲೆ ಅವಳನ್ನು ಅಲ್ಲಿಂದ ಎಬ್ಬಿಸಿದವರಿಲ್ಲ.

ಸೋಸುವಾಗ ಅವಳ ಬಾಯಿಗೆ ಬೀಗ. ಪಾತ್ರೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ನೊರೆಹಾಲನ್ನು ಸ್ವಲ್ಪ ಸ್ವಲ್ಪವೇ ಹೊಯ್ದು, ಅದು ತಾನಾಗಿ ಇಳಿಯುವವರೆಗೂ ಕಾಯುತ್ತಿದ್ದಳು. ಬಟ್ಟೆ ಹಿಂಡುತ್ತಿರಲಿಲ್ಲ, ಹಿಂಡಿದರೆ ಕಸವೂ ಇಳಿಯುತ್ತದಂತೆ. ಬಕೆಟ್ಟಿನ ತಳದ ಗುಟುಕು ಬೆಕ್ಕಿಗೆ. ಕೊನೆಗೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವಳು. ಒಂದು ಕೂದಲು ಕಂಡರೆ ನನ್ನ ಕಥೆ ಮುಗಿಯಿತು.

"ಏನೋ, ಎಮ್ಮೆ ಕರೆದ್ಯೋ, ಅದರ ಬೆನ್ನು ಬೋಳಿಸಿದ್ಯೋ?"

ನನಗೆ ಮೂಗಿನ ತುದಿಯಲ್ಲೇ ಕೋಪ. "ಹಾಗಾದ್ರೆ ನೀನೇ ಬಂದು ಕರಿ!"

"ನಾನೇ ಕರೆದ್ರೆ ನಿಂಗೇನು ಉಳಿಯುತ್ತೋ? ಕೂಗಾಡೋದೊಂದೇ."

ನಾನು ಮುಂದಿನ ಎಮ್ಮೆಗೆ ಕೈ ಹಾಕುವಷ್ಟರಲ್ಲಿ ಕಲ್ಲಿನ ಮೇಲೆ ಬಟ್ಟೆ ಬಡಿಯುವ ಸದ್ದು ಬರುತ್ತಿತ್ತು. ಪಟ್, ಪಟ್. ಸ್ವಲ್ಪ ಬಿಡುವು. ಮತ್ತೊಂದು ಪಟ್. ಚಿಕ್ಕವಳಿದ್ದಾಗ ಮುರಿದ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು, ಮೂರನೆಯ ಏಟಿಗೆ ಮೊದಲು ಅದಕ್ಕೆ ವಿಶ್ರಾಂತಿ ಬೇಕು. ಆ ಸದ್ದಿಗೆ ಕಪ್ಪಿ ಎನ್ನುವ ದೊಡ್ಡ ಎಮ್ಮೆ ಕಿವಿ ತಿರುಗಿಸಿ ಹಾಲಿಳಿಸುತ್ತಿತ್ತು.

ಆ ಬಟ್ಟೆಯನ್ನು ಅವಳು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ. ನನ್ನ ಹೆಂಡತಿ ಹೊಸದಾಗಿ ಬಂದಾಗ ಒಮ್ಮೆ ಒಗೆಯಲು ಎತ್ತಿಕೊಂಡಳು. "ಅದನ್ನ ಮುಟ್ಬೇಡ ಕಣೆ, ನೀನು ಒಲೆ ನೋಡ್ಕೋ" ಎಂದಳು ಅಕ್ಕ. ಇವಳು ಅಂದಿನಿಂದ ಒಲೆಯ ಕಡೆಯವಳೇ ಆದಳು.

ಕೊನೆಗಾಲಕ್ಕೆ ಅಕ್ಕನ ಮಾತು ನಿಂತುಹೋಯಿತು, ಬಲಭಾಗ ಸ್ವಾಧೀನ ತಪ್ಪಿತು. ಎಡಗೈ ಮಾತ್ರ ಸುಮ್ಮನಿರಲಿಲ್ಲ. ಹೊದಿಕೆಯ ಅಂಚನ್ನು ಪಕ್ಕದ ಲೋಟದ ನೀರಿಗೆ ಅದ್ದುವಳು, ಹಿಸುಕುವಳು, ಮತ್ತೆ ಅದ್ದುವಳು. ಬಾಯಾರಿಕೆಯೆಂದು ನನ್ನ ಹೆಂಡತಿ ಲೋಟವನ್ನು ತುಟಿಗೆ ಹಿಡಿದರೆ ತಳ್ಳಿಬಿಡುವಳು. ತಣ್ಣಗಿದೆಯೆಂದು ಬೇಡವೇನೋ ಎಂದು ಇವಳು ಬಿಸಿ ಮಾಡಿ ತಂದಳು. ಅಕ್ಕ ಬೆರಳಿಟ್ಟು ನೋಡಿ, ಲೋಟವನ್ನೇ ಗೋಡೆಗೆ ಎಸೆದಳು. ಆಮೇಲೆ ಇವಳನ್ನು ದುರುಗುಟ್ಟಿ ನೋಡಿದ ನೋಟವನ್ನು ನಾವಿಬ್ಬರೂ ಮರೆತಿಲ್ಲ.

ಅಕ್ಕ ಹೋದಳು. ಅವಳು ಹಾಸಿಗೆ ಹಿಡಿದಾಗಲೇ ಸೋಸುವ ಕೆಲಸ ಹೆಂಡತಿಗೆ ಬಂದಿತ್ತು. ಕೆಲವೇ ದಿನಗಳಲ್ಲಿ ಹಾಲು ಒಡೆಯತೊಡಗಿತು.

ಎದುರುಮನೆಯ ದರ್ಜಿ ಖಾಲಿ ಪಾತ್ರೆ ಅಲ್ಲಾಡಿಸುತ್ತ ಬಂದ. "ಏನಣ್ಣ, ಹಾಲು ಕೇಳಿದ್ರೆ ಮೊಸರು ಹಾಕ್ತಿದೀಯಾ? ಮುಂದಿನ ವಾರ ಬೆಣ್ಣೇನಾ?"

"ನೀನು ಹೊಲಿದ ಅಂಗಿಗೆ ಎರಡೂ ತೋಳು ಒಂದೇ ಉದ್ದ ಬಂದ ದಿನ ಬಾ, ಮಾತಾಡೋಣ" ಎಂದು ಹಾರಾಡಿದೆ. ಅವನು ನಗುತ್ತಲೇ ಹೋದ. ಮಾರನೆಯ ದಿನದಿಂದ ಬೇರೆ ಕಡೆ ಹಾಲು ಹಾಕಿಸಿಕೊಂಡ. ಅವನ ಹಿಂದೆ ಇನ್ನೂ ಕೆಲವರು.

ಹೆಂಡತಿ ಪಾತ್ರೆಗಳನ್ನು ಉಜ್ಜಿ ಉಜ್ಜಿ ಸವೆಸಿದಳು. ಸೋಸಿದ ಬಟ್ಟೆಯನ್ನು ಹಾಗೆಯೇ ಕುದಿಯುವ ನೀರಿಗೆ ಹಾಕಿ ಬೇಯಿಸಿದಳು. ಹಾಲು ಒಡೆದಷ್ಟೂ ಹೆಚ್ಚು ಹೊತ್ತು ಕುದಿಸಿದಳು. ಬಟ್ಟೆ ಹಳದಿಯಾಗಿ ರಟ್ಟಿನಂತೆ ಸೆಟೆದುಕೊಂಡಿತು. ಹೊಸ ಬಟ್ಟೆ ತಂದರೆ ನಾಲ್ಕು ದಿನ ಚೆನ್ನ, ಮತ್ತೆ ಅದೇ ಹುಳಿ ವಾಸನೆ.

ಒಂದು ಬೆಳಿಗ್ಗೆ ಅವಳು ಹಿತ್ತಿಲ ಬಾಗಿಲಲ್ಲೇ ನಿಂತುಬಿಟ್ಟಳು. "ರೀ, ನಿಮ್ಮಕ್ಕ ಒಗೀತಿದಾರೆ. ದಿನಾ ಕೇಳ್ತಿದೀನಿ."

"ತಲೆ ಕೆಟ್ಟಿದೆಯಾ ನಿಂಗೆ?"

"ಬಟ್ಟೆ ಮುಟ್ಬೇಡ ಅಂದಿದ್ರು, ಮುಟ್ಟಿದೆ. ಅದಕ್ಕೇ ಹಾಲು ನಿಲ್ತಿಲ್ಲ." ಅವಳು ಕೊಟ್ಟಿಗೆಯ ಕಡೆ ಕೈ ತೋರಿಸಿದಳು. "ಒಂದೋ ಈ ದನಗಳನ್ನ ಮಾರಿಬಿಡಿ, ಇಲ್ಲಾ ನನ್ನನ್ನ ತವರಿಗೆ ಬಿಟ್ಟು ಬನ್ನಿ. ಸತ್ತವರ ಜೊತೆ ಜಗಳ ಆಡೋಕೆ ನನ್ನ ಕೈಲಾಗಲ್ಲ."

ಕೂಗಾಡಿದೆ, ಬಕೆಟ್ಟಿಗೆ ಕಾಲಿಂದ ಒದ್ದೆ. ಅವಳು ಒಳಗೆ ಹೋಗಿ ಸೀರೆಗಳನ್ನು ಗಂಟು ಕಟ್ಟತೊಡಗಿದಳು, ನಿಲ್ಲಿಸಲಿಲ್ಲ. ಭಾನುವಾರ ಬೆಳಿಗ್ಗೆಯ ಕೆಲಸ ಮುಗಿಸಿ ಹೊರಡುವುದೆಂದು ನಿಶ್ಚಯವಾಯಿತು.

ಆ ಭಾನುವಾರ ನಾನು ಕಪ್ಪಿಯ ಕೆಚ್ಚಲಿಗೆ ಕೈ ಹಾಕಿದ್ದೆ. ಪಟ್, ಪಟ್. ಬಿಡುವು. ಪಟ್. ಕಪ್ಪಿ ಕಿವಿ ತಿರುಗಿಸಿತು. ಎದ್ದು ಓಡಿದೆ. ಕಲ್ಲು ಒಣಗಿತ್ತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದಳು.

"ನಿಮಗೂ ಕೇಳಿಸ್ತಾ?"

ಅವಳ ಹಿಂದೆ ಕತ್ತಲು. "ಯಾಕೆ, ಒಲೆ ಹಚ್ಚಿಲ್ವಾ?" ಎಂದೆ, ಬೇರೇನೂ ತೋಚದೆ.

"ಸೋಸಿದ ಹಾಲು ಒಳಗೆ ಬಂದ್ಮೇಲಲ್ವಾ ಹಚ್ಚೋದು? ಅಕ್ಕ ಇದ್ದಾಗಿಂದ್ಲೂ ಹಾಗೇ ಅಲ್ವಾ?"

ಹೌದು. ಅಷ್ಟು ವರ್ಷವೂ ಮೊದಲು ಆ ಸದ್ದು, ಆಮೇಲೆ ಹೊಗೆ.

"ಹಾಗಾದ್ರೆ ಅವಳು ಯಾವ ನೀರಲ್ಲಿ ಒಗೀತಿದ್ಳು?"

ಹೆಂಡತಿ ತೊಟ್ಟಿಯನ್ನು ನೋಡಿದಳು. ನಿಧಾನವಾಗಿ ಬಾಯಿಗೆ ಸೆರಗು ಹಿಡಿದಳು. "ತಣ್ಣೀರು... ಅಯ್ಯೋ ರೀ, ಆ ಲೋಟ! ಬಾಯಾರಿಕೆ ಅಲ್ಲ ಅದು. ನಂಗೆ ಹೇಳ್ಕೊಡ್ತಿದ್ರು."

ಅವತ್ತೇ ಹೊಸ ಬಟ್ಟೆ ತಂದೆವು. ಸೋಸಿದ ತಕ್ಷಣ ಅದನ್ನು ತಣ್ಣೀರಲ್ಲಿ ಅದ್ದಿ ಬಡಿದು, ಹಾಲಿನ ಅಂಟೆಲ್ಲ ಬಿಟ್ಟ ಮೇಲೆ ಕುದಿಸಿ, ಬಿಸಿಲಿಗೆ ಹಾಕಿದಳು. ಮೊದಲೇ ಬಿಸಿನೀರಿಗೆ ಬಿದ್ದರೆ ಹಾಲು ನೂಲಿನೊಳಗೇ ಬೆಂದು ಕೂರುತ್ತದೆ, ಮರುದಿನದ ಹಾಲನ್ನು ಅದೇ ಕೆಡಿಸುತ್ತದೆ. ನಾಲ್ಕು ದಿನ ಕಳೆಯಿತು, ವಾರ ಕಳೆಯಿತು, ಹಾಲು ಒಡೆಯಲಿಲ್ಲ. ಗಂಟು ಬಿಚ್ಚಿ ಸೀರೆಗಳು ಬೀರು ಸೇರಿದವು. ದರ್ಜಿಯೂ ಪಾತ್ರೆ ಹಿಡಿದು ಬಂದ.

ಒಣಕಲ್ಲಿನ ಸದ್ದು ಮತ್ತೆ ಕೇಳಲಿಲ್ಲ. ಈಗ ಬೆಳಿಗ್ಗೆ ಕೇಳುವುದು ಹೆಂಡತಿ ಒಗೆಯುವ ಸದ್ದು. ನಾನು ಕೊಟ್ಟಿಗೆಯಲ್ಲಿ ತಲೆ ಬಗ್ಗಿಸಿಕೊಂಡೇ ಇರುತ್ತೇನೆ. ಪಟ್, ಪಟ್. ಬಿಡುವು. ಪಟ್. ಕಪ್ಪಿ ಕಿವಿ ತಿರುಗಿಸಿ ಹಾಲಿಳಿಸುತ್ತದೆ.

ಹೆಂಡತಿಯ ಮಣಿಕಟ್ಟಿಗೆ ಏನೂ ಆಗಿಲ್ಲ. ಮತ್ತೇಕೆ ನಡುವೆ ನಿಲ್ಲಿಸುತ್ತೀಯೆ ಎಂದು ಕೇಳಬೇಕೆಂದು ದಿನವೂ ಅಂದುಕೊಳ್ಳುತ್ತೇನೆ. ಕೇಳಿಲ್ಲ.