ಹುಣಸೆಹಣ್ಣಿನಲ್ಲಿ ತೊಳೆದ ಡಾಲರ್

ನನಗೆ ತಪ್ಪು ಹುಡುಕುವ ಚಟವಿದೆ, ಸಂಬಳ ಬರುವುದೂ ಅದರಿಂದಲೇ. ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನ ಒಂದು ಕಾರ್ಖಾನೆಯಲ್ಲಿ ವಿಮಾನದ ಎಂಜಿನ್ನಿಗೆ ಹೋಗುವ ಬಿಡಿಭಾಗಗಳನ್ನು ಅಳೆಯುವುದು ನನ್ನ ಕೆಲಸ. ಅಳತೆ ಕೂದಲೆಳೆಯಷ್ಟು ಆಚೀಚೆಯಾದರೂ ಆ ತುಂಡು ಕೆಂಪು ಡಬ್ಬಿಗೆ ಹೋಗುತ್ತದೆ. ಹನ್ನೆರಡು ವರ್ಷಗಳಿಂದ ನಾನು ಯಾವ ತುಂಡಿಗೂ ದಯೆ ತೋರಿಸಿಲ್ಲ. ಮನೆಯಲ್ಲಿ ಮಾತ್ರ ತಪ್ಪಿದ್ದನ್ನೇ ಆರಿಸಿ ಇಟ್ಟುಕೊಳ್ಳುತ್ತೇನೆ.

ಹಾಗೆ ಇಟ್ಟುಕೊಳ್ಳುವುದು ಅಮೆರಿಕದ ಒಂದು ಡಾಲರ್ ನಾಣ್ಯಗಳನ್ನು. ಚಿನ್ನದ ಬಣ್ಣದ ಈ ನಾಣ್ಯವನ್ನು ಅಮೆರಿಕದವರೇ ಹೆಚ್ಚು ಬಳಸುವುದಿಲ್ಲ. ಇಸವಿಯನ್ನೂ ಮೂರು ಲ್ಯಾಟಿನ್ ಪದಗಳನ್ನೂ ಅದರ ಅಂಚಿನ ಮೇಲೆ ಒತ್ತಿರುತ್ತಾರೆ. ಎರಡು ಮುಖ ಅಚ್ಚಾದ ಮೇಲೆ ಬೇರೊಂದು ಯಂತ್ರ ಈ ಅಕ್ಷರಗಳನ್ನು ಒತ್ತುತ್ತದೆ. ಎಲ್ಲೋ ಒಮ್ಮೊಮ್ಮೆ ಒಂದು ನಾಣ್ಯ ಆ ಯಂತ್ರದ ಕಣ್ಣು ತಪ್ಪಿಸಿ, ಬೋಳು ಅಂಚಿನಲ್ಲಿಯೇ ಟಂಕಸಾಲೆಯಿಂದ ಹೊರಗೆ ಬಂದುಬಿಡುತ್ತದೆ. ನಾನು ಹುಡುಕುವುದು ಅಂಥದ್ದನ್ನು. ವರ್ಷಕ್ಕೆರಡು ಸಲ ಕೆಲಸದ ಮೇಲೆ ಅಮೆರಿಕಕ್ಕೆ ಹೋಗುವ ಸಹೋದ್ಯೋಗಿಯೊಬ್ಬರು ಬ್ಯಾಂಕಿನಿಂದ ನಾಣ್ಯದ ರೋಲುಗಳನ್ನು ತಂದುಕೊಡುತ್ತಾರೆ. ಒಂದು ಕಾಗದದ ಸುರುಳಿಯಲ್ಲಿ ಇಪ್ಪತ್ತೈದು ನಾಣ್ಯ. ಪ್ರತಿಯಾಗಿ ನಾನು ಅವರಿಗೆ ಒಂದು ಡಬ್ಬಿ ಚಕ್ಕುಲಿ ಕೊಡುತ್ತೇನೆ. ನಾಣ್ಯ ತೆಗೆದರೆ ಅಂಗಡಿಯವರು ಮುಖ ಸಿಂಡರಿಸುವ ಈ ದೇಶದಲ್ಲಿ ಕುಳಿತು, ಪರದೇಶದ ನಾಣ್ಯಗಳನ್ನು ಒಂದೊಂದಾಗಿ ಬೆರಳ ನಡುವೆ ಉರುಳಿಸುತ್ತಾ ನನ್ನ ಭಾನುವಾರಗಳು ಕಳೆಯುತ್ತವೆ. ನೋಡಿದವರು ನಗುತ್ತಾರೆ. ನಗಲಿ.

ಮೂರು ವರ್ಷ ಏನೂ ಸಿಗಲಿಲ್ಲ. ಈ ಮೇ ತಿಂಗಳಲ್ಲಿ ಸಿಕ್ಕಿತು. ಮೊದಲು ಗೊತ್ತಾದದ್ದು ಬೆರಳಿಗೆ: ಅಂಚು ನುಣ್ಣಗಿತ್ತು. ಆ ರೋಲಿನ ಇಪ್ಪತ್ತೈದನ್ನೂ ಒಂದೇ ಡಬ್ಬಿಯಲ್ಲಿಟ್ಟೆ, ಒಡಹುಟ್ಟಿದವರ ಜೊತೆಯಲ್ಲೇ ಇರಲಿ ಎಂದು.

ನಮ್ಮ ಊರಿನ ನಾಣ್ಯಸಂಗ್ರಾಹಕರು ತಿಂಗಳಿಗೊಮ್ಮೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರುತ್ತಾರೆ. ಎಲ್ಲರೂ ನಿವೃತ್ತ ಗಂಡಸರು, ನಾನೊಬ್ಬಳು ಹೆಂಗಸು. ನಾಣ್ಯಕ್ಕಿಂತ ಫಿಕಾ ಎಂಬ ಇಲ್ಲಿನ ವಿರಾಮದ ಹೊತ್ತಿನ ಕಾಫಿ ಮತ್ತು ಏಲಕ್ಕಿ ಬನ್ನಿಗೆ ಅಲ್ಲಿ ಮರ್ಯಾದೆ ಹೆಚ್ಚು. ಆಗಸ್ಟಿನಲ್ಲಿ ಅವರದೊಂದು ಪ್ರದರ್ಶನ ನಡೆಯುತ್ತದೆ. ಟಂಕಸಾಲೆಯ ತಪ್ಪುಗಳಿಗೆಂದೇ ಅಲ್ಲಿ ಪ್ರತ್ಯೇಕ ಮೇಜು. ಅದನ್ನು ನೋಡಿಕೊಳ್ಳುವ ಹಿರಿಯರಿಗೆ ಮೇ ತಿಂಗಳ ಸಭೆಯಲ್ಲೇ ನನ್ನ ನಾಣ್ಯ ನೋಡಲು ಕೊಟ್ಟೆ. ಅವರು ಅದನ್ನು ಎರಡು ಸುತ್ತು ತಿರುಗಿಸಿ, ಇಂಥವು ಆಗಾಗ ಬರುತ್ತವೆ, ಅರದಿಂದ ಉಜ್ಜಿ ಅಕ್ಷರ ತೆಗೆದಿರುತ್ತಾರೆ ಎಂದರು. ಯಾರು ಉಜ್ಜಿರುತ್ತಾರೆ ಎಂದು ಹೇಳಲಿಲ್ಲ. ಇಲ್ಲಿ ಯಾರೂ ಯಾರ ಕಡೆಗೂ ಬೆರಳು ತೋರಿಸುವುದಿಲ್ಲ. ನನಗೆ ಮೈಯೆಲ್ಲ ಉರಿಯಿತು. ಪ್ರದರ್ಶನದ ದಿನ ಬೆಳಿಗ್ಗೆ ಹಾಗೆಯೇ, ಮುಟ್ಟದೆ ತನ್ನಿ, ಭೂತಗನ್ನಡಿಯಲ್ಲಿ ನೋಡೋಣ, ಅಂಚಿನಲ್ಲಿ ಗೀರಿಲ್ಲದಿದ್ದರೆ ಜಾಗ ಕೊಡೋಣ ಎಂದರು. ನಾನು ತಲೆಯಾಡಿಸಿ ಬಂದೆ. ಈ ದೇಶಕ್ಕೆ ಬಂದಾಗಿನಿಂದ ಪದವಿಪತ್ರದಿಂದ ಹಿಡಿದು ಮದುವೆಪತ್ರದವರೆಗೆ ಕೇಳಿದ್ದನ್ನೆಲ್ಲ ತೋರಿಸುತ್ತಾ ಬಂದವಳಿಗೆ ತಲೆಯಾಡಿಸುವುದು ರೂಢಿಯಾಗಿಬಿಟ್ಟಿರುತ್ತದೆ.

ಜೂನಿನಲ್ಲಿ ಅಮ್ಮ ತುಮಕೂರಿನಿಂದ ಬಂದಳು, ಮೂರು ತಿಂಗಳ ವೀಸಾದ ಮೇಲೆ. ಸೂಟ್‌ಕೇಸಿನಲ್ಲಿ ಎರಡು ಕಿಲೋ ಹುಣಸೆಹಣ್ಣು ತಂದಿದ್ದಳು. ನಾಣ್ಯದ ವಿಷಯ ಅವಳಿಗೆ ಹೇಳಲಿಲ್ಲ. ಈ ವಯಸ್ಸಿನಲ್ಲಿ ಇದೊಂದು ಹುಚ್ಚು ಎಂದು ಊರಿಗೆಲ್ಲ ಫೋನು ಮಾಡುತ್ತಾಳೆಂದು ಸುಮ್ಮನಿದ್ದೆ. ಆ ತಪ್ಪು ನನ್ನದು.

ಪ್ರದರ್ಶನ ಶನಿವಾರ. ಹಿಂದಿನ ದಿನ, ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ. ನನಗೆ ರಜೆ ಇರಲಿಲ್ಲ. ಸಂಜೆ ಬಿಸಿಲಿರುವಾಗಲೇ ಮನೆಗೆ ಬಂದರೆ ಊಟದ ಮೇಜಿನ ಮೇಲೆ ಸೀರೆಯುಟ್ಟ ಲಕ್ಷ್ಮಿ ಕೂತಿದ್ದಾಳೆ, ಮುಂದೆ ತಟ್ಟೆಯ ತುಂಬ ನನ್ನ ಡಾಲರುಗಳು ಥಳಥಳ ಹೊಳೆಯುತ್ತಿವೆ. ಪ್ರತಿಯೊಂದಕ್ಕೂ ಅರಿಸಿನ ಕುಂಕುಮ.

"ಅಮ್ಮ, ಇದನ್ನೇನ್ ಮಾಡ್ದೆ?"

"ಕಪ್ಪಿಟ್ಟಿತ್ತು ಕಣೇ. ಹಿತ್ತಾಳೆ ತಾನೆ? ಹುಣಸೆಹಣ್ಣು ಹಾಕಿ ಉಜ್ಜಿದೆ. ಲಕ್ಷ್ಮಿ ಮುಂದೆ ಕೊಳೆ ದುಡ್ಡು ಇಡಕ್ಕಾಗುತ್ತಾ?"

ಅದು ಹಿತ್ತಾಳೆಯೇ, ಅವಳ ಕಣ್ಣು ಸರಿಯಾಗಿಯೇ ಹೇಳಿತ್ತು. ಆದರೆ ಸಿಂಕಿನಲ್ಲಿ ಪಾತ್ರೆ ಉಜ್ಜುವ ಒರಟು ಹಸಿರು ಬಟ್ಟೆ ಬಿದ್ದಿತ್ತು. ನಾನು ಕೂಗಾಡಿದೆ. ನಿನಗೆ ತಿಳಿಯದ್ದಕ್ಕೆಲ್ಲ ಯಾಕೆ ಕೈ ಹಾಕುತ್ತೀಯ ಎಂದೆ. ಹಬ್ಬದ ದಿನ ಹೆತ್ತ ತಾಯಿಗೆ ಆಡುವ ಮಾತಲ್ಲ, ಆದರೂ ಆಡಿದೆ. ತಟ್ಟೆಯಲ್ಲಿ ನೋಡಿದರೆ ಇಪ್ಪತ್ನಾಲ್ಕೇ ಇದ್ದವು, ಬೋಳು ಅಂಚಿನದು ಇರಲಿಲ್ಲ. ಅಮ್ಮ ಒಬ್ಬಟ್ಟು ಬಡಿಸುತ್ತಾ ನನ್ನ ಮುಖ ನೋಡದೆ ಹೇಳಿದಳು:

"ಅಂಚಲ್ಲಿ ಬರಹ ಇಲ್ದಿದ್ದು ಒಂದೇ ಇತ್ತು. ಉಜ್ಜೋವಾಗ ಕೈಗೆ ಸಿಕ್ತು. ಒಂದೇ ಇರೋದಲ್ವಾ ಅಂತ ಅದನ್ನ ಕಲಶದೊಳಗೆ ಹಾಕಿದೀನಿ. ಬೆಳಿಗ್ಗೆ ಪೂಜೆ ಆಗೋವರ್ಗೂ ಕಲಶ ಮುಟ್ಟಬೇಡ."

ನಾನು ಮೂರು ವರ್ಷ ತಡಕಾಡಿ ಕಂಡುಕೊಂಡದ್ದನ್ನು ಅವಳು ಪಾತ್ರೆ ತೊಳೆಯುತ್ತಾ ಕಂಡುಹಿಡಿದಿದ್ದಳು. ಕೋಪ ಇಳಿಯಲಿಲ್ಲ, ಆದರೆ ಕಲಶಕ್ಕೆ ಕೈ ಹಾಕಲಿಲ್ಲ.

ಬೆಳಿಗ್ಗೆ ಅವಳು ಕಲಶ ಕದಲಿಸಿ, ಅಕ್ಕಿಯೊಳಗಿಂದ ನಾಣ್ಯ ತೆಗೆದು ಕೊಟ್ಟಳು. ಭೂತಗನ್ನಡಿ ಹಿಡಿದರೆ ಅಂಚಿನ ಸುತ್ತ ಸಣ್ಣ ಸಣ್ಣ ಗೀರು. ಆ ಹಿರಿಯರು ಹುಡುಕುತ್ತೇನೆಂದದ್ದು ಇದನ್ನೇ. ಮುಗಿಯಿತು ಎಂದುಕೊಂಡೆ. ಸುಮ್ಮನೆ ಇನ್ನೊಂದು ನಾಣ್ಯ ನೋಡಿದೆ, ಆಮೇಲೆ ಮತ್ತೊಂದು. ಎಲ್ಲದರ ಅಂಚಿನಲ್ಲೂ ಹಸಿರು ಬಟ್ಟೆಯ ಅವೇ ಗೀರುಗಳು, ಗೀರಿನ ಕೆಳಗೆ ಅಕ್ಷರಗಳು ಅಳ್ಳಾಡದೆ ಕೂತಿದ್ದವು. ಮೈಕ್ರೋಮೀಟರ್ ತೆಗೆದೆ. ಅರ ಹಾಕಿ ಅಕ್ಷರ ತೆಗೆದಿದ್ದರೆ ನಾಣ್ಯದ ಅಗಲ ಕಡಿಮೆಯಾಗಬೇಕು. ಬೋಳು ನಾಣ್ಯ ಉಳಿದವುಗಳಷ್ಟೇ ಅಗಲವಿತ್ತು. ಇದನ್ನು ಮೇ ತಿಂಗಳಲ್ಲೇ ಹೇಳಬಹುದಿತ್ತಲ್ಲ, ಅಳೆಯುವುದೇ ಕಸುಬಾದ ನಾನು ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ನನ್ನ ಮೇಲೇ ಸಿಟ್ಟು ಬಂತು. ಇಪ್ಪತ್ತೈದನ್ನೂ ಡಬ್ಬಿಗೆ ಸುರಿದುಕೊಂಡು, ರೇಷ್ಮೆ ಸೀರೆಯಲ್ಲಿದ್ದ ಅಮ್ಮನನ್ನು ಕರೆದುಕೊಂಡು ಹೊರಟೆ.

ಹಿರಿಯರು ಡಬ್ಬಿಯ ಮುಚ್ಚಳ ತೆಗೆದೊಡನೆ, ತೊಳೆದಿದ್ದೀರಿ ಎಂದರು. ಹೌದು ಎಂದೆ. ನಾಣ್ಯಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು, ಮೈಕ್ರೋಮೀಟರನ್ನು ಅವರ ಕೈಗೇ ಕೊಟ್ಟು, ನೀವೇ ಅಳೆಯಿರಿ ಎಂದೆ. ಮೊದಲು ಮೂರು ಅಳೆದರು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತು ಎಲ್ಲವನ್ನೂ ಅಳೆದರು. ನಾಣ್ಯದ ಮೇಲಿದ್ದ ಅಮೆರಿಕದ ಅಧ್ಯಕ್ಷನ ಕಿವಿಯಲ್ಲಿ ಉಳಿದಿದ್ದ ಕುಂಕುಮ ಅವರ ಹೆಬ್ಬೆರಳಿಗೆ ಹತ್ತಿತು. ಅವರ ಕಾಫಿ ತಣ್ಣಗಾಯಿತು.

ಅಂಚು ನಿಜವಾದದ್ದೇ ಎಂದು ಕೊನೆಗೆ ಒಪ್ಪಿಕೊಂಡರು. ಆದರೆ ತೊಳೆದ ನಾಣ್ಯವನ್ನು ಪ್ರದರ್ಶನಕ್ಕೆ ಇಡುವ ಪದ್ಧತಿಯಿಲ್ಲ ಎಂದರು. ನನ್ನ ತಲೆ ಇನ್ನೇನು ಆಡಬೇಕು, ಅಷ್ಟರಲ್ಲಿ ತಡೆದೆ.

"ಇದು ತಪ್ಪುಗಳ ಮೇಜು ತಾನೆ? ಹಾಗಾದರೆ ಈ ತಪ್ಪನ್ನೂ ಬರೆದಿಡಿ," ಎಂದೆ.

 ಅವರು ಚೀಟಿ, ಪೆನ್ನು ನನ್ನ ಕಡೆ ಸರಿಸಿದರು. ಸ್ವೀಡಿಷ್‌ನಲ್ಲಿ ಬರೆದೆ: ಅಂಚಿನಲ್ಲಿ ಅಕ್ಷರವಿಲ್ಲ, ತಪ್ಪು ಟಂಕಸಾಲೆಯದು. ಹುಣಸೆಹಣ್ಣಿನಲ್ಲಿ ತೊಳೆಯಲಾಗಿದೆ, ತೊಳೆದವರು ನನ್ನ ತಾಯಿ. ಎರಡನೆಯ ಸಾಲು ಬೇಕೇ ಎಂದು ಅವರು ಮೆಲ್ಲಗೆ ಕೇಳಿದರು. ಬೇಕು ಎಂದೆ.

ಏನು ಬರೆದೆ ಎಂದು ಅಮ್ಮ ಕೇಳಿದಳು. ಓದಿ ಹೇಳಿದೆ. ನಿನ್ನೆಯ ಮಾತಿಗೆ ಅವಳು ಇನ್ನೂ ನನ್ನನ್ನು ಕ್ಷಮಿಸಿರಲಿಲ್ಲ. ಸೆರಗು ಸರಿಮಾಡಿಕೊಂಡು ಚೀಟಿಯನ್ನು ದಿಟ್ಟಿಸಿದಳು.

"ಹುಣಸೆಹಣ್ಣು ತುಮಕೂರಿಂದು ಅಂತಾನೂ ಬರಿ."

ಜಾಗ ಸಾಲದಿದ್ದರೂ ಬರೆದೆ.