ಆಂಡಾಳ್ ಆಫ್ ಮಾಡಲು ಬಿಡದ ಸರ್ವರ್

ಆಂಡಾಳ್‌ಗೆ ಹಲ್ಲಿ ಕಂಡರೆ ಭಯ, ಸಂಪಿಗೆ ರಸ್ತೆ ದಾಟಲು ಭಯ, ನಮ್ಮ ಕಾರ್ಯದರ್ಶಿ ಸಂಕರ್ಷಣ ರಾಯರು ಕೆಮ್ಮಿದರೂ ಭಯ. ಇಂಥ ಪುಕ್ಕಲು ಹೆಂಗಸಿನ ಕೈಗೆ ರಕ್ತನಿಧಿಯ ಕಂಪ್ಯೂಟರುಗಳನ್ನೆಲ್ಲ ಅದ್ಯಾರು ಒಪ್ಪಿಸಿದರೋ ಎಂದು ನಾನು ಎಷ್ಟೋ ಸಲ ಗೊಣಗಿದ್ದೇನೆ. ನಾನು ರುದ್ರಾಣಿ, ಚಾಮರಾಜಪೇಟೆಯವಳು. ಬಸವನಗುಡಿಯ ಆ ರಕ್ತನಿಧಿಯಲ್ಲಿ ಫೋನ್ ಎತ್ತುವ ಕೆಲಸ ನನ್ನದು. ಗಂಡನ ಪ್ರಿಂಟಿಂಗ್ ಪ್ರೆಸ್ಸು ಮುಚ್ಚಿದ ಮೇಲೆ ಆಂಡಾಳ್ ಮನೆ ನಡೆಯುತ್ತಿದ್ದದ್ದು ಅವಳೊಬ್ಬಳ ಸಂಬಳದಲ್ಲಿ. ಕೆಲಸ ಹೋದರೇನು ಗತಿ ಎಂಬುದು ಅವಳಿಗೆ ಎಲ್ಲಕ್ಕಿಂತ ದೊಡ್ಡ ಭಯ.

೨೦೦೪ರ ಮಾತು. ದಾನಿಗಳ ಹೆಸರು, ರಕ್ತದ ಗುಂಪು, ಫೋನ್ ನಂಬರು ಎಲ್ಲ ಒಂದೇ ಡಿಸ್ಕಿನಲ್ಲಿದ್ದವು. ಎರಡು ಸರ್ವರ್‌ಗಳು ಆ ಡಿಸ್ಕನ್ನು ಹಂಚಿಕೊಂಡು ಓದುತ್ತಿದ್ದವು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು ಈ ಏರ್ಪಾಟು. ದಾನಿಗಳ ವಿವರ ಬರೆದಿಟ್ಟಿದ್ದ ಹಳೆಯ ಕಾರ್ಡುಗಳನ್ನು ಜಾಗ ಸಾಲದೆಂದು ರಾಯರು ರದ್ದಿಗೆ ಹಾಕಿಸಿದ್ದರು. ಇನ್ನೊಂದು ಪ್ರತಿ ತೆಗೆದಿಡುವ ಟೇಪ್ ಯಂತ್ರ ಕೆಟ್ಟು ತಿಂಗಳುಗಳಾಗಿದ್ದವು. ಅದನ್ನು ಮುಂದಿನ ಮೀಟಿಂಗಿನಲ್ಲಿ ನೋಡೋಣ ಎನ್ನುತ್ತಿದ್ದರು, ಪುಣ್ಯಾತ್ಮರು! ಅಷ್ಟರಲ್ಲಿ ಡಿಸ್ಕು ತುಂಬಿಹೋಯಿತು. ಎರಡೂ ಸರ್ವರ್‌ಗಳಿಗೆ ಸೇರಿಸಿ ಹೊಸದೊಂದು ಡಿಸ್ಕ್ ಜೋಡಿಸಲು ಒಂದು ಭಾನುವಾರ ಗೊತ್ತಾಯಿತು. ಅದನ್ನು ತಂದವನು ಕಂಪನಿಯ ಎಂಜಿನಿಯರ್ ಆತ್ರೇಯ.

ಆ ಮಧ್ಯಾಹ್ನವೇ ಈಶ್ವರ್ ಎಂಬುವವರು ಓಡಿಬಂದರು. ಹೆಂಡತಿ ತುಂಬು ಗರ್ಭಿಣಿ, ಮಾರನೆಯ ಬೆಳಿಗ್ಗೆ ಆಪರೇಷನ್. ಅವಳದು ಬಾಂಬೆ ಗ್ರೂಪ್. ಆ ರಕ್ತದವರು ಇಡೀ ಊರಲ್ಲಿ ಹುಡುಕಿದರೂ ಬೆರಳೆಣಿಕೆಯಷ್ಟು ಮಂದಿ. "ಕಂಪ್ಯೂಟರ್ ಕೆಲ್ಸ ನಡೀತಿದೆ ಸರ್, ಮುಗಿಯೋವರ್ಗೂ ಯಾರೂ ಮುಟ್ಟೋ ಹಾಗಿಲ್ಲ. ಸ್ವಲ್ಪ ಕೂತಿರಿ, ನಂಬರ್ ತೆಗ್ದು ನಾನೇ ಫೋನ್ ಮಾಡ್ತೀನಿ" ಎಂದೆ. ಅವರು ಬಾಗಿಲಾಚೆಯ ಬೆಂಚಿನ ಮೇಲೆ ಕೂತರು.

ಒಳಗೆ ರಾಯರ ಕಾಟ ಶುರುವಾಗಿತ್ತು. "ನಾಲ್ಕೂವರೆಗೆ ರಾಹುಕಾಲ ಕಣ್ರೀ! ಅಷ್ಟರೊಳಗೆ ಜೋಡ್ಸಿ ಮುಗಿಸ್ಬಿಡಿ." ಆತ್ರೇಯ ಕಾಫಿಗೆಂದು ಹೋಗಿದ್ದ. ಹೊಸ ಡಿಸ್ಕನ್ನು ಒಮ್ಮೆ ಒರೆಸಿ ಖಾಲಿ ಮಾಡುವ ಕೆಲಸ ಬಾಕಿ ಇತ್ತು. ಆತ್ರೇಯ ಬರಲಿ ಅನ್ನುವ ಧೈರ್ಯ ಆಂಡಾಳ್‌ಗೆ ಎಲ್ಲಿಂದ ಬರಬೇಕು? ತಾನೇ ಮಾಡಿಬಿಟ್ಟಳು.

ನಮ್ಮ ಕಡೆ ಮನೆಗಳಿಗೆ ಹಳೇ ನಂಬರು, ಹೊಸ ನಂಬರು ಎಂದು ಎರಡೆರಡು ಇರುತ್ತವಲ್ಲ, ಅಲ್ಲೂ ಅದೇ ಗೋಳು. ಹೊಸ ಡಿಸ್ಕನ್ನು ಮೊದಲನೆಯ ಸರ್ವರ್ ನಾಲ್ಕನೆಯದು ಎಂದು ಕರೆಯುತ್ತಿತ್ತು. ಎರಡನೆಯ ಸರ್ವರ್‌ಗೆ ನಾಲ್ಕನೆಯದೆಂದರೆ ದಾನಿಗಳ ಡಿಸ್ಕು. ಆಂಡಾಳ್ ಮೊದಲನೆಯದರಲ್ಲಿ ನಂಬರು ನೋಡಿಕೊಂಡು ಎರಡನೆಯದರಲ್ಲಿ ಕುಳಿತು ಒರೆಸಿದಳು.

ನನ್ನ ಮೇಜಿನ ಹತ್ತಿರ ಬಂದಾಗ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. "ರುದ್ರಾಣಿ, ದಾನಿಗಳ ಡಿಸ್ಕಿನ ಗುರುತೇ ಅಳಿಸಿಹೋಯ್ತು. ಸರ್ವರ್ ಬೆಳಿಗ್ಗೆಯೇ ಅದನ್ನ ತೆರೆದಿಟ್ಕೊಂಡಿದ್ದಕ್ಕೆ ಇನ್ನೂ ಓಡ್ತಿದೆ ಅಷ್ಟೆ. ಒಂದ್ಸಲ ಆಫ್ ಆದ್ರೆ ಮತ್ತೆ ಆ ಡಿಸ್ಕ್ ಅದಕ್ಕೆ ಸಿಗೋದೇ ಇಲ್ಲ. ದಾನಿಗಳೆಲ್ರೂ ಹೋದ ಹಾಗೇ." ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ರಾಯರ ದನಿ ಕೇಳಿಸಿತು. "ಆತ್ರೇಯ, ಬಂದ್ಯೇನಪ್ಪ? ರಾಹುಕಾಲ ಬರೋದ್ರೊಳಗೆ ಎರಡೂ ಮಿಷಿನ್ ಆಫ್ ಮಾಡ್ಬಿಡು. ಆರು ಗಂಟೆ ಮೇಲೆ ಪೂಜೆ ಮಾಡಿ ಹೊಸದಾಗಿ ಆನ್ ಮಾಡೋಣ."

ಇಬ್ಬರೂ ಒಳಗೆ ಓಡಿದೆವು. ಆತ್ರೇಯ ಆಗಲೇ ಕೀಬೋರ್ಡಿನ ಮುಂದೆ ಕುಳಿತಿದ್ದ. ಆಂಡಾಳ್ ಸುಮ್ಮನೆ ಇದ್ದಿದ್ದರೆ ಸಾಕಿತ್ತು. ಸಂಜೆ ಸರ್ವರ್ ಏಳದೇ ಇದ್ದಾಗ ಹೊಸ ಡಿಸ್ಕಿನ ದೋಷ, ತಂದ ಹುಡುಗನ ದೋಷ ಎನ್ನುತ್ತಿದ್ದರು. ಅವಳ ಹೆಸರು ಯಾರೂ ಎತ್ತುತ್ತಿರಲಿಲ್ಲ. ಇವಳು ಹೇಳುವುದಿಲ್ಲ ಎಂದೇ ನಾನು ಅಂದುಕೊಂಡೆ.

"ಮುಟ್ಬೇಡಿ!" ಅಷ್ಟು ಜೋರು ದನಿ ಅವಳಲ್ಲಿ ಇದ್ದದ್ದೇ ನನಗೆ ಗೊತ್ತಿರಲಿಲ್ಲ. "ಆಫ್ ಮಾಡ್ಬೇಡಿ. ದಾನಿಗಳ ಡಿಸ್ಕನ್ನ ನಾನು ಒರೆಸ್ಬಿಟ್ಟಿದೀನಿ ಸರ್. ನಾನೇ. ಇವ್ರದೇನೂ ತಪ್ಪಿಲ್ಲ."

ರಾಯರು ಕುರ್ಚಿಯಲ್ಲಿ ಕುಸಿದರು. ಆತ್ರೇಯ ಕೈ ಹಿಂದಕ್ಕೆ ಎಳೆದುಕೊಂಡ. ಆಂಡಾಳ್ ಬೈಗುಳಕ್ಕೆ ಕಾಯಲಿಲ್ಲ. ಮೊದಲು ಬಾಂಬೆ ಗ್ರೂಪಿನವರನ್ನು ಹುಡುಕಿ, ನಂಬರುಗಳನ್ನು ಬರೆದು ನನ್ನ ಕೈಗೆ ತುರುಕಿದಳು. ಆಮೇಲೆ ಮಿಕ್ಕದ್ದನ್ನೆಲ್ಲ ಹೊಸ ಡಿಸ್ಕಿಗೆ ನಕಲು ಮಾಡತೊಡಗಿದಳು. ನಾನು ಫೋನ್ ತಿರುಗಿಸಿದೆ. ಮೊದಲನೆಯವರು ಮನೆ ಬದಲಿಸಿದ್ದರು. ಎರಡನೆಯವರು ಎತ್ತಲಿಲ್ಲ. ಮೂರನೆಯವರು ಎನ್.ಆರ್. ಕಾಲೋನಿಯವರು, ಈಗಲೇ ಹೊರಟೆ ಎಂದರು. ಈಶ್ವರ್ ಕೈಮುಗಿದು ಅತ್ತುಬಿಟ್ಟರು.

ಅದೇ ಹೊತ್ತಿಗೆ ಕರೆಂಟು ಹೋಗಬೇಕೆ! ಯುಪಿಎಸ್ ಕೀಂಯ್ ಕೀಂಯ್ ಎಂದು ಕೂಗಿಕೊಳ್ಳತೊಡಗಿತು. ಹೆಸರುಗಳು ಅರ್ಧ ಆಚೆ, ಅರ್ಧ ಈಚೆ. ಅಷ್ಟು ಭಯ ನಾನು ನನ್ನ ಹೆರಿಗೆಯಲ್ಲೂ ಪಟ್ಟಿರಲಿಲ್ಲ. ಕರೆಂಟು ಮತ್ತೆ ಬಂದಾಗ ರಾಯರೂ ಸೇರಿದಂತೆ ಎಲ್ಲರೂ ಉಸಿರು ಬಿಟ್ಟೆವು. ನಕಲು ಮುಗಿದ ಮೇಲೆ ಆತ್ರೇಯ ಸರ್ವರ್‌ಗಳನ್ನು ಆಫ್ ಮಾಡಿ ಆನ್ ಮಾಡಿದ. ಹಳೆಯ ಡಿಸ್ಕಿನಲ್ಲಿ ಒಂದು ಹೆಸರೂ ಇರಲಿಲ್ಲ. ಹೊಸದರಲ್ಲಿ ಎಲ್ಲರೂ ಇದ್ದರು.

"ನಾಳೆಯಿಂದ ಬರ್ಬೇಡಿ" ಎಂದರು ರಾಯರು, ಅವಳ ಮುಖ ನೋಡದೆ.

ಬಸ್ ಸ್ಟಾಪಿನಲ್ಲಿ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಬಾಯಿ ಮುಚ್ಕೊಂಡು ನಿಂತಿದ್ರೆ ನಿನ್ನ ಹೆಸ್ರು ಎಲ್ಲೂ ಬರ್ತಿರ್ಲಿಲ್ವಲ್ಲೇ! ಈಗ ಮನೆ ಹೆಂಗೆ ನಡೆಸ್ತೀಯಾ?"

"ಗೊತ್ತಿಲ್ಲ ಕಣೇ, ತುಂಬಾ ಭಯ ಆಗ್ತಿದೆ." ಎಂದಳು ಆಂಡಾಳ್. "ಆದ್ರೆ ನಾನು ಸುಮ್ನಿದ್ದಿದ್ರೆ ನಂಬರ್ ಇಲ್ಲ ಅಂತ ಆ ಈಶ್ವರ್‌ಗೆ ಹೇಳ್ಬೇಕಾಗ್ತಿತ್ತಲ್ಲ ರುದ್ರಾಣಿ. ನೀನು ಹೇಳ್ತಿದ್ದೆ, ನಾನು ಏನೂ ಗೊತ್ತಿಲ್ದೋಳ ಹಾಗೆ ಪಕ್ಕದಲ್ಲಿ ನಿಂತಿರ್ತಿದ್ದೆ. ನಂಗೆ ರಾಯರಿಗಿಂತ ಅದನ್ನ ನೆನೆಸ್ಕೊಂಡೇ ಜಾಸ್ತಿ ಭಯ ಆಯ್ತು."