ಭೂತಗನ್ನಡಿ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಯಾರನ್ನೂ ನಂಬುತ್ತಿರಲಿಲ್ಲ. ಹಾಲಿನವನನ್ನು ನಂಬುತ್ತಿರಲಿಲ್ಲ, ನಲ್ಲಿಯ ನೀರನ್ನು ನಂಬುತ್ತಿರಲಿಲ್ಲ. ಮನೆಗೆ ಬಂದ ನೆಂಟರು ಕೈ ತೊಳೆದೆವು ಎಂದರೆ ಅದನ್ನಂತೂ ಸುತರಾಂ ನಂಬುತ್ತಿರಲಿಲ್ಲ. "ಎಲ್ಲಿ, ತೋರ್ಸಿ" ಎಂದು ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ ಮೇಲೆಯೇ ತಟ್ಟೆ ಇಡುವುದು. "ಮದುವೆ ದಿನ ನಾನು ಕೈ ಹಿಡಿಯೋಕೆ ಹೋದ್ರೆ, ಸೋಪು ಹಾಕಿ ತೊಳ್ಕೊಂಡ್ರಾ ಅಂತ ಕೇಳಿದ್ಲು ಇವ್ಳು" ಎಂದು ದೊಡ್ಡಪ್ಪ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ದೊಡ್ಡಮ್ಮ ನಗುತ್ತಿರಲಿಲ್ಲ. "ತೊಳ್ಕೊಂಡಿರ್ಲಿಲ್ಲ ತಾನೇ?" ಎಂದು ಇಷ್ಟು ವರ್ಷದ ಮೇಲೂ ವಿಚಾರಣೆ ನಡೆಸುತ್ತಿದ್ದರು.

ಆಸ್ಪತ್ರೆಯಲ್ಲಿ ಗಾಯ ಕಟ್ಟುವ ಕೋಣೆಗೆ ಅವರೇ ಹಿರಿಯ ನರ್ಸು. ಹೊಸದಾಗಿ ನರ್ಸಿಂಗ್ ತರಬೇತಿಗೆ ಸೇರಿದ ಹುಡುಗಿಯರಿಗೆ ಪ್ರಥಮ ಚಿಕಿತ್ಸೆಯ ಪಾಠ ಹೇಳುವವರೂ ಅವರೇ. ಎದುರಿಗೆ ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಭೂತಗನ್ನಡಿ. ನನ್ನ ಗ್ರಹಚಾರ ನೋಡಿ, ಅವರ ಮನೆಯಲ್ಲೇ ಉಳಿದು ಅದೇ ತರಬೇತಿಗೆ ಸೇರಿದೆ. ಬೆಳಿಗ್ಗೆ ಎದ್ದರೆ ಅವರ ಮುಖ, ಆಸ್ಪತ್ರೆಗೆ ಹೋದರೂ ಅವರದೇ ಮುಖ. ಉಸಿರು ಬಿಡಲೂ ಜಾಗವಿರಲಿಲ್ಲ.

"ರಕ್ತ ಸುರೀತಿದೆ. ಏನ್ ಮಾಡ್ತೀಯಾ?" ಎಂದು ತರಗತಿಯಲ್ಲಿ ನನ್ನನ್ನೇ ಎಬ್ಬಿಸುತ್ತಿದ್ದರು.

"ಶುಭ್ರವಾದ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡೀತೀನಿ, ಸಿಸ್ಟರ್."

"ಶುಭ್ರ ಅಂತ ಯಾರು ಹೇಳಿದ್ದು ನಿಂಗೆ? ನಿನ್ನ ಕೈಗವಸು ಎಲ್ಲಿ? ಅವರ ರಕ್ತದಲ್ಲಿ ಏನಿದ್ಯೋ, ನಿನ್ನ ಉಗುರಲ್ಲಿ ಏನಿದ್ಯೋ! ಕೂತ್ಕೋ."

ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಗಾಯ ತೊಳೆಯುವ ಔಷಧಿಯನ್ನು ನೀರಿನಲ್ಲಿ ಬೆರೆಸಿ ಇಡುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಬೇರೆಯವರು ಅಳತೆ ತಪ್ಪಿಸುತ್ತಾರೆ, ಬಾಟಲಿಯ ಬಾಯಿಗೆ ಬೆರಳು ತಾಗಿಸುತ್ತಾರೆ ಎಂಬ ಅನುಮಾನ. ಕಂದು ಬಣ್ಣದ ದೊಡ್ಡ ಗಾಜಿನ ಬಾಟಲಿ, ಅದು ಬೀರುವಿನೊಳಗೆ, ಬೀರುವಿಗೆ ಬೀಗ, ಬೀಗದ ಕೈ ಅವರ ಜೇಬಿನಲ್ಲಿ. ಪ್ರತಿ ರೋಗಿಗೂ ಅವರೇ ಬಟ್ಟಲಿಗೆ ಸುರಿದುಕೊಟ್ಟು ಮತ್ತೆ ಬೀಗ ಹಾಕುತ್ತಿದ್ದರು. ಅದರ ಹತ್ತಿರ ಸುಳಿಯಲು ಆಯಾಗೂ ಧೈರ್ಯವಿರಲಿಲ್ಲ.

ಹೀಗಿರುವಾಗ ಒಬ್ಬ ದರ್ಜಿ ಬಂದ. ಕತ್ತರಿ ಜಾರಿ ಬಲಗೈ ಹೆಬ್ಬೆರಳ ಬುಡ ಸೀಳಿತ್ತು. ಯಾರೋ ಪುಣ್ಯಾತ್ಮರು ಗಾಯಕ್ಕೆ ಕಾಫಿಪುಡಿ ಮೆತ್ತಿ ಕಳಿಸಿದ್ದರು. ಡಾಕ್ಟರು ಅದನ್ನೆಲ್ಲ ತೊಳೆದು ಹೊಲಿಗೆ ಹಾಕಿದರು. ಆಗ ದಿನಾ ಆ ಕೋಣೆಗೆ ಬಂದವರ ಗಾಯ ಕಟ್ಟುವ ಸರದಿ ನನ್ನದು. ಕೆಲವೇ ದಿನಗಳಲ್ಲಿ ಹೊಲಿಗೆಯ ಸುತ್ತ ಕೆಂಪಾಯಿತು, ಊದಿತು, ಮುಟ್ಟಿದರೆ ಬಿಸಿ, ಆಮೇಲೆ ಹಸಿರು ಛಾಯೆಯ ಕೀವು. ಕಾಫಿಪುಡಿಯದೇ ಕಿತಾಪತಿ ಎಂದುಕೊಂಡೆವು. ಅಷ್ಟರಲ್ಲಿ ಮೊಣಕಾಲು ತರಚಿಕೊಂಡಿದ್ದ ಡ್ರೈವರಿಗೂ ಅದೇ ಕೀವು, ಕಾಲು ಸುಟ್ಟುಕೊಂಡಿದ್ದ ಅಜ್ಜಿಗೂ ಅದೇ ಕೀವು.

ಮೂವರ ಗಾಯ ಕಟ್ಟಿದ ಕೈ ಒಂದೇ. ನನ್ನದು.

ಡಾಕ್ಟರು ಸಿಡಿಮಿಡಿಗೊಂಡು ಕೇಳಿದಾಗ ದೊಡ್ಡಮ್ಮ ಹಿಂದೆ ಮುಂದೆ ನೋಡದೆ ನನ್ನ ಕಡೆ ಬೆರಳು ತೋರಿಸಿದರು. "ನಮ್ಮ ತಂಗಿ ಮಗಳೇ. ಅದಕ್ಕೇ ಮುಚ್ಚಿಡಲ್ಲ. ಇವಳು ಕೈ ಸರಿಯಾಗಿ ತೊಳೀತಾಳೆ ಅನ್ನೋ ನಂಬಿಕೆ ನಂಗಿಲ್ಲ." ಭೂಮಿ ಬಾಯಿ ಬಿಡಬಾರದೇ ಎನಿಸಿತು. ಇನ್ನೊಬ್ಬರಿಗೆ ಹೀಗಾದರೆ ನೀನು ಗಂಟುಮೂಟೆ ಕಟ್ಟಬಹುದು ಎಂದು ನರ್ಸುಗಳ ಮೇಲಧಿಕಾರಿ ಮೇಟ್ರನ್ ಖಡಾಖಂಡಿತವಾಗಿ ಹೇಳಿಬಿಟ್ಟರು. ಸೋಂಕು ಹರಡಿದವಳು ಎಂದು ಹೊರಗೆ ಹಾಕಿದರೆ ಮತ್ತೆ ಯಾವ ಆಸ್ಪತ್ರೆಯವರು ಬಾಗಿಲು ತೆಗೆದಾರು?

ಆ ಸಂಜೆ ಊಟಕ್ಕೆ ಕೂತಾಗ ದೊಡ್ಡಪ್ಪ ಪಂಚಾಯಿತಿಗೆ ಇಳಿದರು. "ಮಗು ಮುಖ ನೋಡೇ. ಬಾಡಿಹೋಗಿದೆ."

"ಮುಖ ನೋಡಿ ಏನ್ ಮಾಡ್ಲಿ? ನಂಗೆ ಅವಳ ಕೈ ಮೇಲೆ ಅನುಮಾನ" ಎಂದರು ದೊಡ್ಡಮ್ಮ. ನಾನು ತಟ್ಟೆ ಬಿಟ್ಟು ಎದ್ದೆ.

ಅನುಮಾನವೂ ಅಂಟುವ ಜಾಡ್ಯವೇ. ನನಗೂ ಅಂಟಿತು. ಆಯಾ ಒಣಗಿಸುತ್ತಿದ್ದ ಟವೆಲ್ಲುಗಳನ್ನು ಮೂಸಿ ನೋಡಿದೆ. ಜೊತೆಯ ಹುಡುಗಿಯರು ನನ್ನ ಟ್ರೇ ಮುಟ್ಟುತ್ತಾರೇನೋ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಬೆರಳ ಸಂದಿ, ಹೆಬ್ಬೆರಳು, ಉಗುರ ಬುಡ, ಮಣಿಕಟ್ಟು ಎಂದು ಪಾಠದಲ್ಲಿ ಹೇಳಿದ ಹಾಗೆಯೇ ಉಜ್ಜಿ ಉಜ್ಜಿ ಚರ್ಮ ಸಿಪ್ಪೆ ಏಳುವ ಹಾಗಾಯಿತು. ಆದರೂ ದರ್ಜಿಯ ಕೀವು ನಿಲ್ಲಲಿಲ್ಲ.

"ಸರಿ ಆಚೆ, ನಾನೇ ಕಟ್ತೀನಿ" ಎಂದು ದೊಡ್ಡಮ್ಮ ಅವನ ಕೈಯನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಹೊಸ ಕೈಗವಸು, ಹಬೆಯಲ್ಲಿ ಶುದ್ಧ ಮಾಡಿದ ಚಿಮಟ, ಆಗಷ್ಟೇ ಪೊಟ್ಟಣ ಹರಿದು ತೆಗೆದ ಹತ್ತಿಬಟ್ಟೆ. ನನ್ನನ್ನು ಮಾರುದೂರ ನಿಲ್ಲಿಸಿದ್ದರು. ದಿನ ಕಳೆದಂತೆ ಕೀವು ಹೆಚ್ಚಾಯಿತೇ ಹೊರತು ಒಣಗುವ ಸುಳಿವಿಲ್ಲ. ದರ್ಜಿ ಹೆಬ್ಬೆರಳು ಮಡಚಲು ಹೋಗಿ ಅಮ್ಮಾ ಎಂದು ನರಳಿದ. "ಸೂಜಿ ಹಿಡಿಯೋಕೆ ಇದೇ ಬೆರಳು ಬೇಕು ಸಿಸ್ಟರ್. ಇದು ಹೋದ್ರೆ ನಾನು ಏನ್ ಮಾಡಿ ತಿನ್ಲಿ?"

ದೊಡ್ಡಮ್ಮ ನನ್ನ ಕಡೆ ತಿರುಗಿದರು. "ಎಷ್ಟು ಕೆಡಿಸಿಟ್ಟಿದ್ದೀಯ ನೋಡು."

ನನಗೆ ಪಿತ್ತ ನೆತ್ತಿಗೇರಿತು. ಮೇಟ್ರನ್ ಬಾಗಿಲಲ್ಲೇ ನಿಂತಿದ್ದರು, ಇದ್ದರೆ ಇರಲಿ. "ಕೈ ಬದಲಾಯ್ತು, ಗವಸು ಬದಲಾಯ್ತು, ಚಿಮಟ, ಬಟ್ಟೆ ಎಲ್ಲ ಬದಲಾಯ್ತು. ಬದಲಾಗದೇ ಇರೋದು ನಿಮ್ಮ ಬಾಟ್ಲಿ ಒಂದೇ. ಅದನ್ನ ಪರೀಕ್ಷೆಗೆ ಕಳ್ಸಿ!"

"ಬಾಯಿ ಮುಚ್ಚೇ! ಅದು ಕ್ರಿಮಿ ಕೊಲ್ಲೋ ಔಷಧಿ. ಅದರೊಳಗೇ ಕ್ರಿಮಿ ಇರುತ್ತಾ?"

"ಅದನ್ನ ಪೂರ್ತಿ ಖಾಲಿ ಮಾಡಿ ತೊಳೆದಿದ್ದು ಯಾವಾಗ, ಹೇಳಿ?"

ದೊಡ್ಡಮ್ಮ ಬೀರುವಿನ ಕಡೆ ತಿರುಗಿದರು. ನಾನು ಕಣ್ಣಾರೆ ಕಂಡಿದ್ದೆ. ಬಾಟಲಿ ಅರ್ಧಕ್ಕೆ ಇಳಿದ ಕೂಡಲೇ ಹೊಸದಾಗಿ ಬೆರೆಸಿ ಮೇಲೆ ಸುರಿದು ತುಂಬಿಸುತ್ತಿದ್ದರು. ತೊಳೆಯಲು ಕೊಟ್ಟರೆ ಯಾರ ಕೈ ತಾಗೀತೋ ಎಂದು ಅದನ್ನು ಕೋಣೆಯಿಂದ ಆಚೆ ಬಿಟ್ಟದ್ದೇ ಇಲ್ಲ. ಅವರು ಜೇಬಿನಿಂದ ಬೀಗದ ಕೈ ತೆಗೆದರು, ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಾವೇ ಲ್ಯಾಬಿಗೆ ನಡೆದರು. "ಇದನ್ನೂ ನೋಡಿ, ಇವಳ ಕೈಯಿಂದಲೂ ತಗೊಳ್ಳಿ" ಎಂದರು. ಆಗಲೂ ನನ್ನ ಕೈ ಬಿಡಲಿಲ್ಲ, ನೋಡಿ!

ಲ್ಯಾಬಿನವರು ಹತ್ತಿ ಸುತ್ತಿದ ಕಡ್ಡಿಯಿಂದ ನನ್ನ ಬೆರಳುಗಳನ್ನು ಒರೆಸಿಕೊಂಡರು. ಫಲಿತಾಂಶ ಬರುವವರೆಗೆ ನನಗೆ ಜೀವದಲ್ಲಿ ಜೀವವಿರಲಿಲ್ಲ. ಕೊನೆಗೆ ಲ್ಯಾಬಿನವರೇ ಬಂದು ಹೇಳಿದರು. ನನ್ನ ಕೈಯಲ್ಲಿ ಅಂಥದ್ದೇನೂ ಇರಲಿಲ್ಲ. ದರ್ಜಿಯ ಕೀವಿನಲ್ಲಿದ್ದ ಕ್ರಿಮಿಯೇ ಬಾಟಲಿಯಲ್ಲೂ ತುಂಬಿತ್ತು. "ನೀರು ಬೆರೆಸಿದ ಔಷಧಿಗೆ ಜೋರು ಕಡಿಮೆ, ಸಿಸ್ಟರ್. ಕೆಲವು ಕ್ರಿಮಿ ಅದರಲ್ಲೂ ಬದುಕಿಕೊಳ್ಳುತ್ವೆ, ಗಾಜಿನ ಗೋಡೆಗೆ ಲೋಳೆ ಥರ ಅಂಟ್ಕೊಳ್ಳುತ್ವೆ. ಹಳೇದರ ಮೇಲೆ ಹೊಸದು ಸುರಿದ್ರೆ ಹೊಸದೂ ಕೆಡುತ್ತೆ ಅಷ್ಟೇ."

ದೊಡ್ಡಮ್ಮ ಬೆಪ್ಪಾಗಿ ಕೂತುಬಿಟ್ಟರು. ಆಮೇಲೆ ಎದ್ದು, ಯಾರೂ ಕರೆಯುವ ಮೊದಲೇ ಡಾಕ್ಟರ ಕೋಣೆಗೆ, ಮೇಟ್ರನ್ ಕೋಣೆಗೆ ಹೋಗಿ ಹೇಳಿಬಂದರು. ತರಗತಿಗೂ ಬಂದರು. "ಬೆರೆಸಿದ ಔಷಧಿ ಉಳಿದ್ರೆ ಆವತ್ತೇ ಚೆಲ್ಲಿ. ಬಾಟ್ಲಿ ತೊಳೆದು, ಹಬೆಗಿಟ್ಟು, ಒಣಗಿಸಿ, ಆಮೇಲೆ ಹೊಸದು. ಮೇಲೆ ತಾರೀಖು ಬರೀರಿ. ನಾನು ಇದ್ಯಾವುದೂ ಮಾಡ್ಲಿಲ್ಲ." ಕಿಸಕ್ಕೆನ್ನುವ ಹುಡುಗಿಯರು ತಲೆ ತಗ್ಗಿಸಿ ಬರೆದುಕೊಂಡರು. ನನ್ನ ತರಬೇತಿ ಉಳಿಯಿತು. ಹೇಳಬೇಕೆಂದರೆ, ಒಳಗೊಳಗೇ ಕುಣಿಯುವಷ್ಟು ಖುಷಿಯಾಗಿತ್ತು.

ಮೊದಲು ಆ ಔಷಧಿ ನಿಲ್ಲಿಸಿದರು, ಡಾಕ್ಟರು ದರ್ಜಿಯನ್ನು ವಾರ್ಡಿಗೆ ಸೇರಿಸಿಕೊಂಡು ಕೀವು ತೆಗೆದು ಮಾತ್ರೆ ಬದಲಿಸಿದರು. ಮರುದಿನ ದೊಡ್ಡಮ್ಮ ನನ್ನನ್ನೂ ಕರೆದುಕೊಂಡು ದರ್ಜಿಯ ಮಂಚದ ಹತ್ತಿರ ಹೋದರು.

"ನಿಮ್ಮ ಗಾಯ ಕೆಟ್ಟಿದ್ದು ನನ್ನಿಂದ. ಈ ಹುಡುಗಿಯಿಂದಲ್ಲ, ಕಾಫಿಪುಡಿಯಿಂದಲೂ ಅಲ್ಲ. ನಾನು ಬಾಟ್ಲಿ ತೊಳೀತಿರ್ಲಿಲ್ಲ."

ದರ್ಜಿ ಅವರ ಮುಖವನ್ನೇ ನೋಡುತ್ತಿದ್ದ. ದೊಡ್ಡಮ್ಮ ಕೈ ತೊಳೆದು, ಗವಸು ಹಾಕಿಕೊಂಡು ಕಟ್ಟು ಬಿಚ್ಚಲು ಬಾಗಿದರು. ಅವನು ಕೈಯನ್ನು ಎದೆಗೆ ಎಳೆದುಕೊಂಡ.

"ನೀವು ಬೇಡ ಸಿಸ್ಟರ್. ಅವ್ಳು ಕಟ್ಲಿ."

ಇದೇ ಮಾತು ಯಾರಾದರೂ ಹೇಳಲಿ ಎಂದು ನಾನು ಎಷ್ಟು ಹಂಬಲಿಸಿದ್ದೆ! ಕೇಳಿದಾಗ ದೊಡ್ಡಮ್ಮನ ಮುಖ ನೋಡಲಾಗಲಿಲ್ಲ. ಪಾಪ ಎನಿಸಿತು, ಅಳುವೇ ಬಂತು. ದೊಡ್ಡಮ್ಮ ಮಾತ್ರ ಗವಸು ಕಳಚಿ ಪಕ್ಕಕ್ಕೆ ಸರಿದರು. "ಅವರು ಹೇಳೋದು ಸರಿಯಾಗೇ ಇದೆ. ನೀನೇ ಕಟ್ಟು" ಎಂದು ನನಗೆ ಟ್ರೇ ಹಿಡಿದು ನಿಂತರು.

ಕಟ್ಟು ಬಿಚ್ಚಿದೆ. ಕೀವು ಕಡಿಮೆಯಾಗಿತ್ತು, ಕೆಂಪೂ ಇಳಿಯತೊಡಗಿತ್ತು. ಹೆಬ್ಬೆರಳು ಒಂದಿಷ್ಟು ಬಾಗಿತು. ದರ್ಜಿಯ ಕಣ್ಣು ತುಂಬಿತು.

"ದೊಡ್ಡಮ್ಮ, ಹತ್ರ ಬಂದು ನೋಡಿ" ಎಂದೆ.

ಅವರು ಒಂದು ಹೆಜ್ಜೆ ಇಟ್ಟು ನಿಂತರು. ದರ್ಜಿಯ ಕಡೆ ನೋಡಿ, "ನೋಡ್ಲಾ?" ಎಂದು ಕೇಳಿದರು.

ಅವನು ಕೈಯನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿದ. ದೊಡ್ಡಮ್ಮ ಟ್ರೇ ಹಿಡಿದುಕೊಂಡು ಇದ್ದಲ್ಲೇ ನಿಂತರು.